ನಮ್ಮ ಮನೆಯ ಮೀಟರು ನಡೆದು ಬಂದ ದಾರಿ



ನಮ್ಮ ಸಂಘದ 25 ವರುಷಗಳ ಶೇರು ಬಂಡವಾಳ, ಠೇವಣಿ, ಸಾಲ ವಸೂಲಿ ಇತ್ಯಾದಿಗಳ ಬಗ್ಗೆ ಮಾನ್ಯ ಅಧ್ಯಕ್ಷರೂ ಕಾರ್ಯದರ್ಶಿಗಳೂ ಈ ಸ್ಮರಣ ಸಂಚಿಕೆಯಲ್ಲಿ ವಿವರವಾಗಿ ಬರೆದಿದ್ದಾರೆ. ಅದನ್ನೇ ನಾವು ಮತ್ತೆ ಬರೆದರೆ ಓದುವವರಿಗೆ ಬೇಸರ. ಸಂಪಾದಕ ಮಂಡಳಿಯವರು "ಇತಿಹಾಸದ್ದು ಏನರ ಒಂದು ಬರದು ಕೊಡ್ರಿ" ಅಂದಾಗ ನಮಗೆ ನೆನಪಾದದ್ದು ಹೋದ ಸಲದ ಸರ್ವಸಾಧಾರಣ ಸಭೆ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು" ಎಂಬಲ್ಲಿಗೆ ಬಂದಾಗ ಬಡ್ಡಿಯ ಬಗ್ಗೆ ಯಾರೂ ಕೇಳಲಿಲ್ಲ. ನಾಲ್ಕಾರು ಮಂದಿ ಎದ್ದು ಕೇಳಿದ್ದು ಒಂದೇ ಮಾತು: "ಸ್ಮಾರ್ಟ್ ಮೀಟರ್ ಬರತೈತಿ ಅಂತಾರಲ್ರೀ, ಅದನ್ನ ನಮಗ ಓದಾಕ ಬರತೈತೇನ್ರಿ?" ಇದು ಸಂಘದ ವ್ಯಾಪ್ತಿಯ ವಿಷಯವಲ್ಲ, ಆದ್ದರಿಂದ ಠರಾವಿನ ಪುಸ್ತಕದಲ್ಲಿ ಬರೆಯಲಿಕ್ಕೆ ಆಗಲಿಲ್ಲ. ಆದರೆ ಪ್ರಶ್ನೆ ಸಣ್ಣದಲ್ಲ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು, ಇಂಜಿನಿಯರ ಅಲ್ಲ. ಆದರೂ ಓದಿ, ಕೇಳಿ, ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ಮಾತು. ಮೀಟರು ಅಂದರೆ ಕಾಟಾ. ಕಬ್ಬು ಬೆಳೆಯುವ ನಮ್ಮ ಕೃಷ್ಣಾ ತೀರದ ಜನರಿಗೆ ಕಾಟಾ ಅಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಪಕ್ಕದ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಬಂದಾಗಿನಿಂದ ನಮ್ಮ ಹಿರಿಯರು ಕಾಟಾ ನೋಡುತ್ತ ಬಂದವರು. ಯಾವ ಕಾರ್ಖಾನೆಯೇ ಇರಲಿ, ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ರೈತನ ಕಣ್ಣು ಅಂಕಿಯ ಮೇಲೆಯೇ ಇರುತ್ತದೆ. ಹಾಲಿನ ಡೇರಿಯಲ್ಲಿ ಫ್ಯಾಟ್ ತೆಗೆಯುವಾಗ ನಮ್ಮ ಹೆಣ್ಣುಮಕ್ಕಳು ಕತ್ತು ಉದ್ದ ಮಾಡಿ ನೋಡುವುದೂ ಅದಕ್ಕೇ. ತೂಕದಲ್ಲಿ ಮೋಸ ಇದ್ದೇ ಇದೆ ಅಂತಲ್ಲ. ತನ್ನ ತೂಕವನ್ನು ತಾನೇ ಓದಿದರೆ ಮನಸ್ಸಿಗೆ ಸಮಾಧಾನ.

1905ನೇ ಇಸವಿ ನಮ್ಮ ನಾಡಿಗೆ ಎರಡು ಕಾರಣಕ್ಕೆ ದೊಡ್ಡದು. ಗದಗ ಹತ್ತಿರದ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಆ ವರುಷ. ಅದೇ ವರುಷದ ಆಗಸ್ಟ್ 5ರಂದು ಬೆಂಗಳೂರಿನ ಪೇಟೆಯಲ್ಲಿ ವಿದ್ಯುತ್ ದೀಪ ಹೊತ್ತಿದವು. ಅದಕ್ಕಿಂತ ಮೂರು ವರುಷ ಮೊದಲು, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ನಮ್ಮ ಜಿಲ್ಲೆಯೇನೂ ಹಿಂದೆ ಬಿದ್ದಿರಲಿಲ್ಲ. ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ನಡೆದಿತ್ತು. ಆದರೆ ಗಣಿಗೆ, ಗಿರಣಿಗೆ ಬಂದದ್ದು ಬಡವರ ಪಡಸಾಲೆಗೆ ಬರಲಿಕ್ಕೆ ಬಹಳ ಕಾಲ ಹಿಡಿಯಿತು.

ಅಲ್ಲಿವರೆಗೆ ನಮ್ಮ ಊರುಗಳಲ್ಲಿ ಇದ್ದದ್ದು ಚಿಮಣಿ, ಕಂದೀಲು, ಮದುವೆ ಮನೆಯಲ್ಲಿ ಗ್ಯಾಸಬತ್ತಿ. ಚಿಮಣಿ ಎಣ್ಣೆಯ ಲೆಕ್ಕ ಸರಳ. ಬಾಟಲಿಯಲ್ಲಿ ಎಷ್ಟು ಇಳಿಯಿತು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಅಕ್ಷರ ಬಾರದ ಅಜ್ಜಿಯೂ "ಇನ್ನ ನಾಕ ದಿನಾ ಬರತೈತಿ" ಅಂತ ಹೇಳುತ್ತಿದ್ದಳು. ಕರೆಂಟು ಹಾಗಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಕ್ಕರೆ ಬಿಡುವುದಿಲ್ಲ. ಅಳೆಯಲಿಕ್ಕೆ ಒಂದು ಕಾಟಾ ಬೇಕೇ ಬೇಕು.

1956ರ ನವೆಂಬರ್ 1ಕ್ಕೆ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಆಯಿತು. ಅದೇ ಮುಂದೆ ನಾವೆಲ್ಲ ಕರೆಯುತ್ತಿದ್ದ ಕೆ.ಇ.ಬಿ. 1965ರಲ್ಲಿ ಪ್ರಧಾನಿ ಲಾಲ ಬಹಾದ್ದೂರ ಶಾಸ್ತ್ರಿಯವರು ಶರಾವತಿ ಯೋಜನೆಯನ್ನು ದೇಶಕ್ಕೆ ಅರ್ಪಿಸಿದ ಮೇಲೆ ಹಳ್ಳಿಗಳ ಕಡೆ ಕಂಬಗಳು ಬರಲಿಕ್ಕೆ ಹತ್ತಿದವು. ಆಗ ನಾವು ಅಥಣಿ ತಾಲೂಕಿನವರು, ಕಾಗವಾಡ ಇನ್ನೂ ತಾಲೂಕು ಆಗಿರಲಿಲ್ಲ.

ಸಹಕಾರ ಸಂಘದ ಪುಸ್ತಕದಲ್ಲಿ ಬರೆಯುತ್ತಿದ್ದೇವೆ ಅಂದ ಮೇಲೆ ಹುಕ್ಕೇರಿಯ ಹೆಸರು ಬಿಡಲಾಗದು. 1969ರಲ್ಲಿ ನಮ್ಮ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆ ಆಯಿತು. ದೇಶದಲ್ಲಿ ಮೊದಲಿಗೆ ಆದ ಇಂಥ ಐದು ಸಂಘಗಳಲ್ಲಿ ಅದೂ ಒಂದು. ಗುಜರಾತಿನ ಕೋಡಿನಾರ, ಆಗಿನ ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಉಳಿದ ನಾಲ್ಕು. ಮುಳಾ-ಪ್ರವರಾ ಸಂಘದ ವಿದ್ಯುತ್ ಹಂಚಿಕೆ 2011ರಲ್ಲಿ ನಿಂತಿತು. ಹುಕ್ಕೇರಿಯದು ಇಂದಿಗೂ ನಡೆದಿದೆ, ಕರ್ನಾಟಕದಲ್ಲಿ ಅಂಥದ್ದು ಅದೊಂದೇ. ಕರೆಂಟು ಸುಡುವವನೇ ಸಂಘದ ಸದಸ್ಯ, ಮೀಟರಿನ ಬಗ್ಗೆ ತಕರಾರು ಇದ್ದರೆ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಅವನಿಗೆ ಇದೆ. ನಮ್ಮ ತಾಲೂಕಿಗೆ ಆ ಭಾಗ್ಯ ಬರಲಿಲ್ಲ, ಇರಲಿ.

ಗೋಡೆಯ ಮೇಲಿನ ಚಕ್ರ

ನಮ್ಮ ವಯಸ್ಸಿನವರು ಸಣ್ಣವರಿದ್ದಾಗ ಪಡಸಾಲೆಯ ಗೋಡೆಗೆ ಕರಿ ಡಬ್ಬಿಯ ಮೀಟರು ಇರುತ್ತಿತ್ತು. ಗಾಜಿನ ಒಳಗೆ ಅಡ್ಡಲಾಗಿ ಒಂದು ಅಲ್ಯೂಮಿನಿಯಂ ಚಕ್ರ, ಅದರ ಅಂಚಿಗೆ ಒಂದು ಬಣ್ಣದ ಗುರುತು. ಈ ಜಾತಿಯ ಮೀಟರನ್ನು 1889ರಲ್ಲಿ ಹಂಗೇರಿ ದೇಶದ ಓಟೊ ಬ್ಲಾಥಿ ಎಂಬ ಇಂಜಿನಿಯರರು ಮಾಡಿದರು. ನೂರು ವರುಷದ ಮೇಲೂ ಅದೇ ತತ್ವದ ಮೇಲೆ ಜಗತ್ತಿನ ಮನೆಮನೆಯಲ್ಲಿ ಅದು ತಿರುಗಿತು. ಒಳಗೆ ಎರಡು ಸುರುಳಿ. ಒಂದು ಓಲ್ಟೇಜಿಗೆ, ಒಂದು ಮನೆಗೆ ಹರಿಯುವ ಕರೆಂಟಿಗೆ. ಎರಡೂ ಕೂಡಿ ಚಕ್ರವನ್ನು ತಳ್ಳುತ್ತವೆ, ಒಂದು ಅಯಸ್ಕಾಂತ ಅದನ್ನು ಹಿಡಿದು ನಿಲ್ಲಿಸಲಿಕ್ಕೆ ನೋಡುತ್ತದೆ. ಹೆಚ್ಚು ಸುಟ್ಟರೆ ಜೋರು ತಿರುಗುತ್ತದೆ, ಕಡಿಮೆ ಸುಟ್ಟರೆ ಸಾವಕಾಶ.

ಒಂದು ಯುನಿಟ್ಟಿಗೆ ಇಷ್ಟು ಸುತ್ತು ಅಂತ ಡಬ್ಬಿಯ ಮೇಲೆಯೇ ಬರೆದಿರುತ್ತಿತ್ತು. ಕೆಲವಕ್ಕೆ 600, ಕೆಲವಕ್ಕೆ 1200. 600 ಸುತ್ತಿನ ಮೀಟರು ಇದ್ದು, ಮನೆಯಲ್ಲಿ 100 ವ್ಯಾಟಿನ ಬಲ್ಬು ಒಂದನ್ನೇ ಹಚ್ಚಿದರೆ ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು. ಗಡಿಯಾರ ಹಿಡಿದು ಕುಳಿತರೆ ಏಳನೇ ಇಯತ್ತೆಯ ಹುಡುಗ ಮೀಟರಿನ ಪರೀಕ್ಷೆ ಮಾಡಬಹುದಿತ್ತು. ದೀಪಾವಳಿಗೆ ಲೈಟಿನ ಸರ ಹಾಕಿದಾಗ ಚಕ್ರ ಓಡುವುದನ್ನು ನೋಡುವುದು ನಮಗೆ ಒಂದು ಆಟ. ಮನೆಯ ಹಿರಿಯರು ಮಾತ್ರ "ಆ ಚಕ್ರ ನೋಡ್ರಿ, ರೊಕ್ಕ ಹೊಂಟೈತಿ, ಆರಸ್ರಿ ಸಾಕು" ಅನ್ನುತ್ತಿದ್ದರು. ಮೀಟರಿನ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ರಟ್ಟಿನ ಕಾರ್ಡು. ರೀಡಿಂಗಿಗೆ ಬಂದವರು ಅದರ ಮೇಲೆ ತಾರೀಖು, ಅಂಕಿ ಬರೆದು ಸಹಿ ಮಾಡಿ ಹೋಗುತ್ತಿದ್ದರು. ಈಗ ನಮ್ಮ ಸಂಘದ ಪಾಸಬುಕ್ಕು ಹೇಗಿದೆಯೋ ಹಾಗೆ. ಎರಡೂ ಕಡೆ ಲೆಕ್ಕ ಇರುತ್ತಿತ್ತು.

ಆ ಮೀಟರು ಸತ್ಯ ಹರಿಶ್ಚಂದ್ರನಾಗಿತ್ತು ಎಂದು ನಾವು ಹೇಳುವುದಿಲ್ಲ. ಧೂಳು ಹೊಕ್ಕು, ಬೇರಿಂಗ್ ಸವೆದು ಅದು ನಿಧಾನ ಆಗುತ್ತಿತ್ತು. ಸಣ್ಣ ದೀಪಕ್ಕೆ ಅಲುಗಾಡುತ್ತಲೇ ಇರಲಿಲ್ಲ. ಅಯಸ್ಕಾಂತ ಇಟ್ಟು ನಿಲ್ಲಿಸುವ ಶಾಣ್ಯಾರೂ ಇದ್ದರು, ಕಂಬಕ್ಕೆ ಆಕಡಿ ಹಾಕುವವರೂ ಇದ್ದರು. ಅದರ ನಷ್ಟ ಬಿದ್ದದ್ದು ಪ್ರಾಮಾಣಿಕವಾಗಿ ಬಿಲ್ಲು ಕಟ್ಟುವವರ ಮೇಲೆ.

ಪಂಪಸೆಟ್ಟಿನ ಕಥೆ ಬೇರೆ

ಮನೆಗೆ ಮೀಟರು ಬಂದಿತು, ಹೊಲದಲ್ಲಿದ್ದದ್ದು ಹೋಯಿತು. ಯುನಿಟ್ಟಿನ ಲೆಕ್ಕ ಬಿಟ್ಟು ಎಚ್.ಪಿ. ಲೆಕ್ಕದಲ್ಲಿ ವರುಷಕ್ಕೆ ಇಷ್ಟು ಅಂತ ಆಯಿತು. 1980ರಲ್ಲಿ ನರಗುಂದ-ನವಲಗುಂದದ ಹೋರಾಟದ ನಂತರ ರೈತ ಸಂಘ ಬೆಳೆಯಿತು, ಪಂಪಸೆಟ್ಟಿಗೆ ಮೀಟರು ಬೇಡ ಎಂಬುದು ಗಟ್ಟಿಯಾದ ಕೂಗಾಯಿತು. 1990ರ ದಶಕದ ಆರಂಭದಲ್ಲಿ ಶ್ರೀ ಬಂಗಾರಪ್ಪನವರ ಸರಕಾರ 10 ಎಚ್.ಪಿ.ವರೆಗೆ ಉಚಿತ ಅಂದಿತು. ಮಧ್ಯದಲ್ಲಿ ಮತ್ತೆ ದರ ಬಂದು, 2008ರಲ್ಲಿ ಶ್ರೀ ಯಡಿಯೂರಪ್ಪನವರ ಸರಕಾರ ಪುನಃ 10 ಎಚ್.ಪಿ.ವರೆಗೆ ಉಚಿತ ಮಾಡಿತು.

ಇಲ್ಲಿ ನಮ್ಮ ರೈತ ಬಂಧುಗಳಿಗೆ ಹಿಡಿಸದ ಒಂದು ಮಾತು ಹೇಳುತ್ತೇವೆ, ಸಿಟ್ಟಾಗಬಾರದು. 5 ಎಚ್.ಪಿ. ಮೋಟರು ತಾಸಿಗೆ ಸುಮಾರು 4 ಯುನಿಟ್ಟು ಎಳೆಯುತ್ತದೆ. ಆದರೆ ಊರಿನ ಎಲ್ಲಾ ಮೋಟರು ಕೂಡಿ ಎಷ್ಟು ಎಳೆದವು ಎಂಬುದಕ್ಕೆ ನಮ್ಮ ಕೈಯಲ್ಲಿ ಕಾಗದ ಇಲ್ಲ. ಟಿ.ಸಿ., ಫೀಡರಿನ ಲೆಕ್ಕದಿಂದ ಅಂದಾಜು ಹಾಕಿ ಬೇರೆಯವರು ಬರೆಯುತ್ತಾರೆ, ಆ ಅಂಕಿಯ ಮೇಲೆ ಸರಕಾರದ ಸಬ್ಸಿಡಿ ನಿಲ್ಲುತ್ತದೆ. ನಾಳೆ ಯಾರಾದರೂ "ರೈತರು ಇಷ್ಟು ಸುಟ್ಟರು" ಅಂದರೆ ಹೌದು-ಅಲ್ಲ ಅನ್ನಲಿಕ್ಕೆ ನಮ್ಮ ಹತ್ತಿರ ಏನಿದೆ? ಬಿಲ್ಲಿಗೆ ಹೆದರಿ ಕಾಟಾವನ್ನೇ ಕಳೆದುಕೊಂಡೆವು. ಉಚಿತವೂ ಇರಲಿ, ಲೆಕ್ಕವೂ ಇರಲಿ ಎಂಬುದು ನಮ್ಮ ವೈಯಕ್ತಿಕ ಅಭಿಪ್ರಾಯ, ಸಂಘದ್ದಲ್ಲ.

ಅಂಕಿ ಕುಣಿಯುವ ಮೀಟರು

1999ರಲ್ಲಿ ಕೆ.ಇ.ಬಿ. ಹೋಗಿ ವಿದ್ಯುತ್ ಪ್ರಸರಣ ನಿಗಮ ಆಯಿತು, ದರ ನಿರ್ಧರಿಸಲಿಕ್ಕೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂದಿತು. 2002ರ ಜೂನ್ 1ರಿಂದ ನಮ್ಮ ಭಾಗಕ್ಕೆ ಹೆಸ್ಕಾಂ. ಹೆಸರು ಬದಲಾದರೂ ಹಳೆ ಮಂದಿ ಇಂದಿಗೂ "ಕೆ.ಇ.ಬಿ. ಅಂವಾ ಬಂದಾನ" ಅಂತಲೇ ಅನ್ನುತ್ತಾರೆ. 2003ರ ವಿದ್ಯುತ್ ಕಾಯಿದೆಯ 55ನೇ ಕಲಮಿನಂತೆ ಮೀಟರು ಇಲ್ಲದೆ ಕರೆಂಟು ಕೊಡಬಾರದು ಅಂತ ಆಯಿತು. 2006ರ ಕೇಂದ್ರ ನಿಯಮದಲ್ಲಿ ಮೀಟರು ಚಕ್ರದ್ದು ಇರಬಾರದು, ಇಲೆಕ್ಟ್ರಾನಿಕ್ ಇರಬೇಕು ಅಂತ ಬಂದಿತು. ಚಕ್ರ ಹೋಗಿ ಅದರ ಜಾಗದಲ್ಲಿ ಮಿಣಿಮಿಣಿ ಕೆಂಪು ದೀಪ ಬಂದಿತು.

ನಮ್ಮ ಜನರ ತಾಪತ್ರಯ ಸುರುವಾದದ್ದು ಇಲ್ಲಿಂದ. ಹಳೆ ಮೀಟರಿನಲ್ಲಿ ಒಂದೇ ಅಂಕಿ ಇತ್ತು. ಹೊಸದರಲ್ಲಿ ಅಂಕಿಗಳು ಸರದಿಯ ಪ್ರಕಾರ ಬಂದು ಹೋಗುತ್ತವೆ: ತಾರೀಖು, ವೇಳೆ, ಓಲ್ಟೇಜು, ಕರೆಂಟು, ಲೋಡು, ಯುನಿಟ್ಟು, ಹೋದ ತಿಂಗಳ ಯುನಿಟ್ಟು. ಕನ್ನಡಕ ಹುಡುಕಿ ತರುವಷ್ಟರಲ್ಲಿ ಬೇಕಾದ ಅಂಕಿ ಹೋಗಿ ಬೇರೆಯದು ಬಂದಿರುತ್ತದೆ. ಓಲ್ಟೇಜು 230 ಇದ್ದದ್ದನ್ನೇ 230 ಯುನಿಟ್ಟು ಅಂತ ತಿಳಿದು ಹೌಹಾರಿದವರನ್ನು ನಾವು ನೋಡಿದ್ದೇವೆ. ಅಂಕಿಯ ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕೆ.ಡಬ್ಲ್ಯು.ಎಚ್. ಅಂತ ಇದ್ದರೆ ಅದು ಯುನಿಟ್ಟು. ಬರೀ ಕೆ.ಡಬ್ಲ್ಯು. ಅಂತ ಇದ್ದರೆ ಲೋಡು, ಬರೀ ವಿ. ಇದ್ದರೆ ಓಲ್ಟೇಜು. ಇಷ್ಟನ್ನು ನೆನಪಿಟ್ಟರೆ ಅರ್ಧ ಗೊಂದಲ ಕಡಿಮೆ. ಮತ್ತೆ ಆ ಮೀಟರನ್ನು ಎಲ್ಲಿ ಕೂಡ್ರಿಸುತ್ತಾರೆ? ಏಣಿ ಹಚ್ಚಬೇಕು, ಇಲ್ಲವೆ ಬಿಸಿಲು ಹೊಡೆದು ಪರದೆ ಕಾಣದ ಗೋಡೆ. ಬಿಲ್ಲಿನ ಚೀಟಿಯೂ ಹಾಗೇ. ಮಶೀನಿನಿಂದ ಬರುವ ಆ ನುಣುಪು ಕಾಗದದ ಅಕ್ಷರ ನಾಲ್ಕು ತಿಂಗಳಿಗೆ ಅಳಿಸಿ ಹೋಗಿ ಬಿಳಿ ಹಾಳೆ ಉಳಿಯುತ್ತದೆ. ಹಳೆ ರಟ್ಟಿನ ಕಾರ್ಡು ಇಪ್ಪತ್ತು ವರುಷ ಬಾಳುತ್ತಿತ್ತು.

"ಹೊಸಾ ಮೀಟರ್ ಭಾಳ ಓಡತೈತಿ" ಎಂಬ ಕೂಗು ಎಲ್ಲ ಊರಲ್ಲೂ ಎದ್ದಿತು. ಅದರಲ್ಲಿ ಸ್ವಲ್ಪ ನಿಜ, ಸ್ವಲ್ಪ ಭ್ರಮೆ. ಹಳೆ ಚಕ್ರ ಲೆಕ್ಕಕ್ಕೆ ಹಿಡಿಯದ ಸಣ್ಣ ಸಣ್ಣ ಖರ್ಚನ್ನು ಹೊಸದು ಬಿಡದೆ ಬರೆಯುತ್ತದೆ. ಟಿ.ವಿ. ಡಬ್ಬಿ, ಚಾರ್ಜರು ಎಲ್ಲ ಸೇರಿ 10 ವ್ಯಾಟು ಹಗಲೂ ರಾತ್ರಿ ಹಚ್ಚಿಟ್ಟರೆ ತಿಂಗಳಿಗೆ 7 ಯುನಿಟ್ಟು ದಾಟುತ್ತದೆ. ಇದು ಮೀಟರಿನ ತಪ್ಪಲ್ಲ.

ಆದರೆ ಇನ್ನೊಂದು ಇದೆ, ಅದನ್ನು ನಮ್ಮ ಊರಲ್ಲಿ ಬಹಳ ಮಂದಿಗೆ ಯಾರೂ ಬಿಡಿಸಿ ಹೇಳಿಲ್ಲ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇವೆ. ನಮ್ಮಲ್ಲಿ ಅಣ್ಣ-ತಮ್ಮರು ಪಾಲಾದಾಗ ಮನೆಗೆ ನಡುವೆ ಗೋಡೆ ಹಾಕುತ್ತಾರೆ, ತಮ್ಮನ ಹೆಸರಿಗೆ ಬೇರೆ ಮೀಟರು ತೆಗೆದುಕೊಳ್ಳುತ್ತಾರೆ, ವಾಯರಿಂಗ್ ಮಾತ್ರ ಅಜ್ಜನ ಕಾಲದ್ದೇ ಇರುತ್ತದೆ. ವಾಯರಮನ್ ಬಂದು ಫೇಜ್ ವಾಯರು ಬೇರೆ ಮಾಡಿ ಹೋಗುತ್ತಾನೆ. ನ್ಯೂಟ್ರಲ್ ಎಲ್ಲೋ ಮಾಳಿಗೆಯ ಜಂತಿಯ ಮೇಲೆ ಒಂದಕ್ಕೊಂದು ಕೂಡಿಯೇ ಇರುತ್ತದೆ. ಚಕ್ರದ ಮೀಟರು ಇದ್ದಾಗ ಇದರಿಂದ ತೊಂದರೆ ಇರಲಿಲ್ಲ, ಏಕೆಂದರೆ ಅದು ಫೇಜಿನಲ್ಲಿ ಹೋಗುವುದನ್ನಷ್ಟೇ ಅಳೆಯುತ್ತಿತ್ತು. ಕಳ್ಳತನ ಹಿಡಿಯಲಿಕ್ಕೆಂದು ಇಲೆಕ್ಟ್ರಾನಿಕ್ ಮೀಟರು ಫೇಜು, ನ್ಯೂಟ್ರಲ್ ಎರಡನ್ನೂ ಅಳೆದು ಯಾವುದು ಹೆಚ್ಚೋ ಅದನ್ನು ಹಿಡಿಯುತ್ತದೆ. ತಮ್ಮನ ಮನೆಯ ಫ್ಯಾನಿಗೆ ಕರೆಂಟು ಹೋಗುವುದು ತಮ್ಮನ ಮೀಟರಿನಿಂದ, ಆದರೆ ತಿರುಗಿ ಬರುವಾಗ ಒಂದು ಪಾಲು ಅಣ್ಣನ ಮೀಟರಿನ ನ್ಯೂಟ್ರಲ್ ಹಿಡಿದು ಬರುತ್ತದೆ. ತಮ್ಮನ ಮೀಟರು ಅದನ್ನು ಬರೆಯಿತು, ಅಣ್ಣನ ಮೀಟರೂ ಬರೆಯಿತು. ಒಂದೇ ಕರೆಂಟಿಗೆ ಎರಡು ಬಿಲ್ಲು!

ನಮ್ಮ ಓಣಿಯ ಒಂದು ಮನೆಯಲ್ಲಿ ಇದೇ ಕಾರಣಕ್ಕೆ ಅಣ್ಣ-ತಮ್ಮರ ನಡುವೆ ಮಾತು ನಿಂತಿತ್ತು. "ನನ್ನ ಮೀಟರಿಗೆ ಅಂವಾ ಕದ್ದ ವಾಯರ್ ಹಾಕ್ಯಾನ" ಅಂತ ಅಣ್ಣ, "ನಾ ಯಾಕ ಕದೀಲಿ, ನನಗೂ ಬಿಲ್ಲು ಬಂದೈತಲ್ಲ" ಅಂತ ತಮ್ಮ. ಹಿರಿಯರು ಎರಡು ಸಲ ಕುಳಿತು ಬುದ್ಧಿ ಹೇಳಿದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕೊನೆಗೆ ಐ.ಟಿ.ಐ. ಮುಗಿಸಿದ ಹುಡುಗನೊಬ್ಬ ಅಣ್ಣನ ಮನೆಯ ಎಲ್ಲ ಸ್ವಿಚ್ ಬಂದ್ ಮಾಡಿಸಿ, "ಕಾಕಾ, ಈಗ ನಿಮ್ಮ ಮೀಟರಿನ ಕೆಂಪು ದೀಪ ನೋಡ್ರಿ" ಅಂದ. ಏನೂ ಹಚ್ಚದಿದ್ದರೂ ದೀಪ ಮಿಣುಕುತ್ತಿತ್ತು. ತಮ್ಮನ ಮನೆಯ ಮೇನ್ ತೆಗೆದ ಕೂಡಲೆ ನಿಂತಿತು. ಹೊಸ ನ್ಯೂಟ್ರಲ್ ವಾಯರಿಗೆ ಆದ ಖರ್ಚು ಒಂದು ತಿಂಗಳ ಬಿಲ್ಲಿಗಿಂತ ಕಡಿಮೆ. ಮಾತು ನಿಂತ ಎರಡು ವರುಷಕ್ಕೆ ಯಾವ ಮೀಟರಿನಲ್ಲಿ ಲೆಕ್ಕ ಹಿಡಿಯುವುದು?

ಪಾಲಾದ ಮನೆಯ ಸದಸ್ಯರು ಈ ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು, ಆದರೆ ವಾಯರಿಗೆ ತಾವು ಕೈ ಹಚ್ಚಬಾರದು. ಇನ್ನೊಂದು ಪರೀಕ್ಷೆಯೂ ಸುಲಭ. ಮೀಟರಿನ ಮೇಲೆ ಯುನಿಟ್ಟಿಗೆ 3200 ಮಿಣುಕು ಅಂತ ಇದ್ದರೆ, ಬೇರೆಲ್ಲ ಆರಿಸಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಂದನ್ನೇ ಹಚ್ಚಿ ಒಂದು ನಿಮಿಷ ಎಣಿಸಿರಿ. 53ರ ಆಸುಪಾಸು ಬರಬೇಕು. ಓಲ್ಟೇಜು ಕಡಿಮೆ ಇದ್ದರೆ ಇನ್ನೂ ಕಡಿಮೆ ಬರುತ್ತದೆ. 80-90 ಬಂದರೆ ಅರ್ಜಿ ಕೊಡಬೇಕು.

ಮಹಾಪೂರದ ವರುಷಗಳನ್ನು ಇಲ್ಲಿ ಸೇರಿಸದೆ ಇದ್ದರೆ ನಮ್ಮ ಭಾಗದ ಇತಿಹಾಸ ಆಗುವುದಿಲ್ಲ. 2005, 2019, 2021 — ಮೂರು ಸಲ ಕೃಷ್ಣೆ ದಂಡೆ ಬಿಟ್ಟು ಬಂದಳು. ನೀರು ಹೊಕ್ಕ ಮನೆಯಲ್ಲಿ ಗೋಡೆಯ ಮೀಟರೂ ನೀರು ಕುಡಿಯಿತು. ಗುದ್ದಲಿಯಿಂದ ರಾಡಿ ತೆಗೆಯುವಾಗ ಮೀಟರಿನ ಅಂಕಿ ಬರೆದಿಟ್ಟವರು ಯಾರು? ಅಂಕಿ ಕಾಣದ ಮೀಟರಿಗೆ ಸರಾಸರಿ ಲೆಕ್ಕ ಹಿಡಿಯುವುದು ಪದ್ಧತಿ. ಸರಾಸರಿ ಸರಿಯೋ ತಪ್ಪೋ ಹೇಳಲಿಕ್ಕೆ ಹಳೆ ಬಿಲ್ಲು ಬೇಕು, ಅದು ಹೊಳೆಯಲ್ಲಿ ಹೋಗಿರುತ್ತದೆ.

2023ರ ಜುಲೈದಿಂದ ಗೃಹಜ್ಯೋತಿ ಬಂದ ಮೇಲೆ ಒಂದು ಚಮತ್ಕಾರ ಆಯಿತು. ಎಂದೂ ಮೀಟರು ನೋಡದವರು ನೋಡಲಿಕ್ಕೆ ಹತ್ತಿದರು. 2022-23ರಲ್ಲಿ ಸುಟ್ಟದ್ದರ ಸರಾಸರಿ, ಅದರ ಮೇಲೆ ಸುರುವಿಗೆ ಶೇಕಡಾ 10, ಅಷ್ಟರವರೆಗೆ ಬಿಲ್ಲು ಸೊನ್ನೆ. ಅದಕ್ಕಿಂತ ಹೆಚ್ಚಾದರೆ ಹೆಚ್ಚಿನದಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಹೀಗಾಗಿ ತಿಂಗಳ ಕೊನೆಯ ವಾರದಲ್ಲಿ ಅತ್ತೆ-ಸೊಸೆ ಕೂಡಿ ಮೀಟರಿನ ಮುಂದೆ ನಿಲ್ಲುವುದು, "ಇನ್ನ ಹದಿನೈದು ಉಳದಾವ, ಗೀಜರ್ ಹಚ್ಚಬ್ಯಾಡ" ಅನ್ನುವುದು ಮನೆಮನೆಯ ಮಾತಾಗಿದೆ. ಮೀಟರು ಓದಲಿಕ್ಕೆ ಬರುವುದು ಈಗ ನೇರವಾಗಿ ರೊಕ್ಕದ ವಿಷಯ.

ಸ್ಮಾರ್ಟ್ ಮೀಟರು

ಈಗ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಸ್ಮಾರ್ಟ್ ಮೀಟರು ಅಂದರೆ ಇಲೆಕ್ಟ್ರಾನಿಕ್ ಮೀಟರಿಗೆ ಒಂದು ಮೊಬೈಲ್ ಕೂಡಿಸಿದಂತೆ. ಅರ್ಧ ತಾಸಿಗೊಮ್ಮೆ, ಕೆಲವು ಕಡೆ ಕಾಲು ತಾಸಿಗೊಮ್ಮೆ, ಎಷ್ಟು ಸುಟ್ಟಿರೆಂಬುದನ್ನು ಬರೆದಿಟ್ಟು ದೂರದ ಕಂಪ್ಯೂಟರಿಗೆ ಕಳಿಸುತ್ತದೆ. ಒಳಗೆ ಒಂದು ಸ್ವಿಚ್ಚೂ ಇದೆ, ಕಂಬ ಹತ್ತದೆ ದೂರದಿಂದಲೇ ಕರೆಂಟು ತೆಗೆಯಬಹುದು. ಮೊದಲು ರೊಕ್ಕ ತುಂಬಿ ಆಮೇಲೆ ಸುಡುವ ಪ್ರೀಪೇಡ್ ಪದ್ಧತಿಯೂ ಅದರಲ್ಲಿ ನಡೆಯುತ್ತದೆ. 2021ರಲ್ಲಿ ಕೇಂದ್ರ ಸರಕಾರ ದೇಶದಲ್ಲಿ 25 ಕೋಟಿ ಇಂಥ ಮೀಟರು ಕೂಡ್ರಿಸುವ ಗುರಿ ಇಟ್ಟಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಭಾಗದ ಬೆಸ್ಕಾಂ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಕ್ಕೆ ಇದನ್ನು ಕಡ್ಡಾಯ ಮಾಡಿತು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿದ್ದ ಸಿಂಗಲ್ ಫೇಜ್ ಮೀಟರಿನ ಜಾಗದಲ್ಲಿ ಸುಮಾರು 5,000 ರೂಪಾಯಿಯದು ಬಂದಾಗ ವಿಧಾನಮಂಡಲದಲ್ಲೂ ಹೈಕೋರ್ಟಿನಲ್ಲೂ ವಾದ ನಡೆಯಿತು. ನಮ್ಮ ಬೀಗರು-ಬಿಜ್ಜರು ಇರುವ ಮಿರಜ-ಸಾಂಗಲಿ ಕಡೆಗೂ ಇದೇ ಗದ್ದಲ. ಮಹಾರಾಷ್ಟ್ರದಲ್ಲಿ ವಿರೋಧ ಬಹಳ ಆಗಿ, ಸಾಮಾನ್ಯ ಗ್ರಾಹಕರಿಗೆ ಪ್ರೀಪೇಡ್ ಮೀಟರು ಹಾಕುವುದಿಲ್ಲವೆಂದು 2024ರ ಜೂನಿನಲ್ಲಿ ಅಲ್ಲಿನ ಸರಕಾರ ಹೇಳಬೇಕಾಯಿತು.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 2020ರ ಆಗಸ್ಟ್ 12, ಕೃಷ್ಣ ಜನ್ಮಾಷ್ಟಮಿಯ ದಿನ ಉತ್ತರ ಪ್ರದೇಶದಲ್ಲಿ ದೂರದಿಂದ ಬಂದ ಒಂದು ತಪ್ಪು ಆಜ್ಞೆಯಿಂದ ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರಿನ ಮನೆಗಳಲ್ಲಿ ಒಮ್ಮೆಲೆ ಕತ್ತಲೆ ಆಯಿತು. ಬಿಲ್ಲು ಕಟ್ಟಿದವರ ಮನೆಗಳೂ ಅದರಲ್ಲಿದ್ದವು. ಇಂಗ್ಲೆಂಡ್ ಶ್ರೀಮಂತ ದೇಶ, ಅಲ್ಲೂ 2023ರ ಕೊನೆಗೆ ಸುಮಾರು 40 ಲಕ್ಷ ಸ್ಮಾರ್ಟ್ ಮೀಟರು ಅಂಕಿ ಕಳಿಸದೆ ಮೂಕ ಆಗಿ ಕೂತಿದ್ದವು. ಕಂಪನಿ ಬದಲು ಮಾಡಿದರೆ ಮೊದಮೊದಲಿನ ಮೀಟರು ಮಾತೇ ಆಡುತ್ತಿರಲಿಲ್ಲ. ಹಾಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದವರು 2017ರಲ್ಲಿ 9 ಇಲೆಕ್ಟ್ರಾನಿಕ್ ಮೀಟರು ತಂದು ಪರೀಕ್ಷೆ ಮಾಡಿದರು. ಎಲ್.ಇ.ಡಿ. ಬಲ್ಬನ್ನು ಡಿಮ್ಮರಿಗೆ ಹಚ್ಚಿದಾಗ 5 ಮೀಟರು ಹೆಚ್ಚು ತೋರಿಸಿದವು, ಅದರಲ್ಲೂ ಒಂದು ಶೇಕಡಾ 582ರಷ್ಟು ಹೆಚ್ಚು! ಎರಡು ಕಡಿಮೆ ತೋರಿಸಿದವು. ಅದು ಪ್ರಯೋಗಶಾಲೆಯ ವಿಶೇಷ ಪರಿಸ್ಥಿತಿ, ನಮ್ಮ ಮನೆಯ ಮೀಟರು ಹಾಗೆಯೇ ಇದೆ ಅಂತ ಯಾರೂ ಗಾಬರಿಯಾಗಬಾರದು. ಆದರೆ ಮಶೀನು ತಪ್ಪುವುದೇ ಇಲ್ಲ ಅಂತ ಹೇಳುವವರಿಗೆ ಇದನ್ನು ತೋರಿಸಬಹುದು.

ಇತಿಹಾಸ ಓದುವಾಗ ನಮಗೆ ಒಂದು ಸೋಜಿಗ ಕಂಡಿತು. ಅಮೆರಿಕದ ಎಡಿಸನ್ನರು 1880ರ ದಶಕದಲ್ಲಿ ಮೊದಲ ಮೀಟರು ಮಾಡಿದಾಗ ಅದರಲ್ಲಿ ಅಂಕಿಯೇ ಇರಲಿಲ್ಲ. ಒಂದು ಗಾಜಿನ ಪಾತ್ರೆ, ಅದರಲ್ಲಿ ಸತುವಿನ ಪಟ್ಟಿ. ಕರೆಂಟು ಹರಿದಷ್ಟು ಸತು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗಿ ಕೂಡುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯವರು ಬಂದು ಪಟ್ಟಿ ಒಯ್ದು, ತಮ್ಮಲ್ಲಿ ತೂಕ ಮಾಡಿ ಬಿಲ್ಲು ಕಳಿಸುತ್ತಿದ್ದರು. ಗಿರಾಕಿಗೆ ಓದಲಿಕ್ಕೆ ಏನೂ ಇರಲಿಲ್ಲ, ಆದ್ದರಿಂದ ಜನ ಅದನ್ನು ನಂಬಲಿಲ್ಲ. ಆಮೇಲೆ ಬಂದ ಚಕ್ರದ ಮೀಟರನ್ನು ಜನ ನಂಬಿದ್ದು ಅದು ಎದುರಿಗೇ ತಿರುಗುತ್ತಿತ್ತು ಎಂಬುದಕ್ಕೆ. ಈಗ ಮತ್ತೆ ತೂಕ ದೂರದ ಕಂಪ್ಯೂಟರಿಗೆ ಹೋಗುತ್ತಿದೆ. ಮೀಟರಿನ ಮೇಲೆ ಅಂಕಿ ಇರುತ್ತದೆ, ಸುಳ್ಳಲ್ಲ. ಆದರೆ ಪೂರ್ಣ ಲೆಕ್ಕ ನೋಡಬೇಕಾದರೆ ಮೊಬೈಲು ಬೇಕು, ಆ್ಯಪು ಬೇಕು, ಇಂಗ್ಲಿಷು ಬೇಕು. ನಮ್ಮ ಎಷ್ಟೋ ಮನೆಯಲ್ಲಿ ಆರ್.ಆರ್. ನಂಬರು ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ, ಕೂಡಿಸಿದ ಮೊಬೈಲ್ ನಂಬರು ಪುಣೆಯಲ್ಲಿ ನೌಕರಿ ಮಾಡುವ ಮಗನದು, ಮನೆಯಲ್ಲಿ ಇರುವವಳು ಅವ್ವ. ರೊಕ್ಕ ಮುಗಿಯಿತು ಅಂತ ಮೆಸೇಜು ಪುಣೆಗೆ ಹೋಗುತ್ತದೆ, ಕತ್ತಲೆ ಉಗಾರದಲ್ಲಿ ಆಗುತ್ತದೆ. ಹೊಳೆದಂಡೆಯ ತೋಟದ ಮನೆಗಳಲ್ಲಿ ಮೊಬೈಲಿಗೇ ರೇಂಜು ಸಿಗುವುದಿಲ್ಲ, ಮೀಟರಿಗೆ ಎಲ್ಲಿಂದ ಸಿಗಬೇಕು?

ಹಾಗಂತ ಬೇಡವೇ ಬೇಡ ಎಂಬುದು ನಮ್ಮ ಮಾತಲ್ಲ. ಇದೇ ಮೀಟರು ಎಷ್ಟು ತಾಸು ಕರೆಂಟು ಇತ್ತು, ಓಲ್ಟೇಜು ಎಷ್ಟಕ್ಕೆ ಇಳಿಯಿತು ಅಂತಲೂ ಬರೆದಿಡುತ್ತದೆ. ಕಡಿಮೆ ಓಲ್ಟೇಜಿಗೆ ಮೋಟರು ಸುಟ್ಟು ರೀವೈಂಡಿಂಗಿಗೆ ಒಯ್ಯುವ ರೈತನಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ? ಆ ಲೆಕ್ಕ ನಮ್ಮ ಕೈಗೆ ಕನ್ನಡದಲ್ಲಿ, ಕಾಗದದ ಮೇಲೆ ಬರಬೇಕು. ನಮ್ಮ ಸಂಘದಲ್ಲಿ ಕಂಪ್ಯೂಟರು ಬಂದ ಮೇಲೂ ಪಾಸಬುಕ್ಕು ನಿಲ್ಲಿಸಿಲ್ಲ, ಸದಸ್ಯ ಕೇಳಿದರೆ ಖತಾವಣಿ ತೆಗೆದು ತೋರಿಸುತ್ತೇವೆ. ಮೀಟರಿನವರಿಂದ ಕೇಳುವುದೂ ಅಷ್ಟೇ.

ಕಾಯಿದೆಯೂ ಸ್ವಲ್ಪ ನಮ್ಮ ಕಡೆಗೆ ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಎಂದು ಕೇಂದ್ರ ಸರಕಾರ 2020ರಲ್ಲಿ ಮಾಡಿದೆ. 2023ರ ತಿದ್ದುಪಡಿಯಂತೆ, ಸ್ಮಾರ್ಟ್ ಮೀಟರು ಬಂದ ಮೇಲೆ ಲೋಡು ಹೆಚ್ಚು ಕಂಡಿತೆಂದು ಅದಕ್ಕಿಂತ ಹಿಂದಿನ ಅವಧಿಗೆ ದಂಡ ಹಾಕುವಂತಿಲ್ಲ. 2024ರ ಫೆಬ್ರವರಿಯ ತಿದ್ದುಪಡಿ ಇನ್ನೂ ಮಹತ್ವದ್ದು. ಮೀಟರಿನ ಅಂಕಿ ನಾವು ಸುಟ್ಟದ್ದಕ್ಕೆ ಹೊಂದುವುದಿಲ್ಲ ಅಂತ ದೂರು ಕೊಟ್ಟರೆ, 5 ದಿವಸದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರು ಕೂಡ್ರಿಸಿ ಕನಿಷ್ಠ 3 ತಿಂಗಳು ಎರಡನ್ನೂ ತಾಳೆ ನೋಡಬೇಕು. ಬಾಯಿ ಮಾತಿನ ದೂರು ನಡೆಯುವುದಿಲ್ಲ, ಬರೆದು ಕೊಟ್ಟು ಪೋಚ್ ತೆಗೆದುಕೊಳ್ಳಬೇಕು. ಅರ್ಜಿಯಲ್ಲಿ ಆರ್.ಆರ್. ನಂಬರು, ಮೀಟರಿನ ನಂಬರು, ಹಿಂದಿನ ಬಿಲ್ಲುಗಳ ಝೆರಾಕ್ಸ್ ಇರಬೇಕು. ಚೀಟಿಯ ಅಕ್ಷರ ಅಳಿಸುವ ಮೊದಲೇ ಝೆರಾಕ್ಸ್ ತೆಗೆಸಿರಿ. ಹಳೆ ಮೀಟರು ಬಿಚ್ಚುವ ದಿನ ಅದರ ಕೊನೆಯ ಅಂಕಿಯ ಫೋಟೋ ಹೊಡೆದು ಇಟ್ಟುಕೊಳ್ಳಿರಿ.

ಇಂಥ ಅರ್ಜಿಯ ಒಂದು ಮಾದರಿಯನ್ನು ಕನ್ನಡದಲ್ಲಿ ಬರೆಸಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಜೊತೆಗೆ ಪ್ರತಿ ತಿಂಗಳು 1ನೇ ತಾರೀಖಿಗೆ ಅಂಕಿ ಬರೆದಿಡಲು ಹಳೆ ಕಾಲದ ಹಾಗೆ ರಟ್ಟಿನ ಕಾರ್ಡನ್ನೂ ಮಾಡಿಸಿದ್ದೇವೆ. ರವಿವಾರ ಬಿಟ್ಟು ಯಾವ ದಿನವಾದರೂ ಕಾರ್ಯದರ್ಶಿಗಳನ್ನು ಕೇಳಿದರೆ ಕೊಡುತ್ತಾರೆ. ಸದಸ್ಯರಲ್ಲದವರಿಗೂ ಸಿಗುತ್ತದೆ, ಹಣ ಕೊಡಬೇಕಾಗಿಲ್ಲ.